ಟ್ಯಾಂಕ್ ಮೊದಲು ಹೋಗುವುದು ರೇಡಿಯೋ ಸ್ಟೇಷನ್‌ಗೆ

2023ರ ಜುಲೈ 26ರ ರಾತ್ರಿ ನೈಜರ್ ದೇಶದ ಸರ್ಕಾರಿ ಟಿವಿಯಲ್ಲಿ ಹತ್ತು ಮಂದಿ ಸಮವಸ್ತ್ರದಲ್ಲಿ ಕಾಣಿಸಿಕೊಂಡರು. ಒಬ್ಬ ಕೂತಿದ್ದ, ಒಂಬತ್ತು ಜನ ಹಿಂದೆ ನಿಂತಿದ್ದರು. ಕೂತವನ ಕೈಯಲ್ಲಿ ಒಂದು ಹಾಳೆ. ದೇಶದ ಭದ್ರತೆ ಹದಗೆಟ್ಟಿದೆ, ಆಡಳಿತ ಕೆಟ್ಟಿದೆ, ಅದಕ್ಕೇ ಈ ಸರ್ಕಾರವನ್ನು ಮುಗಿಸಿದ್ದೇವೆ ಎಂದು ಓದಿದ. ಗಡಿ ಮುಚ್ಚಿದೆ, ಕರ್ಫ್ಯೂ ಇದೆ ಎಂದ. ಅಧ್ಯಕ್ಷ ಮೊಹಮದ್ ಬಜೂಮ್ ಅವರನ್ನು ಅವರದೇ ಅಂಗರಕ್ಷಕ ಪಡೆ ಮನೆಯಲ್ಲೇ ಕೂಡಿಹಾಕಿತ್ತು.

ಒಂದು ತಿಂಗಳು ಕಳೆಯಿತು. ಆಗಸ್ಟ್ 30ಕ್ಕೆ ಗಬಾನ್‌ನಲ್ಲೂ ಅದೇ ಆಟ. ಅದೇ ಸಾಲಾಗಿ ನಿಂತ ಸೈನಿಕರು, ಅದೇ ಟಿವಿ, ಅದೇ ಹಾಳೆ.

ಇದನ್ನು ನೋಡಿದಾಗ ಒಂದು ಪ್ರಶ್ನೆ ಏಳಬೇಕು. ಕೈಯಲ್ಲಿ ಬಂದೂಕು ಇರುವವರಿಗೆ ಟಿವಿ ಸ್ಟುಡಿಯೋದಲ್ಲಿ ಏನು ಕೆಲಸ? ಅಧ್ಯಕ್ಷ ಸಿಕ್ಕಿಬಿದ್ದ ಮೇಲೆ ಸುಮ್ನೆ ಅವನ ಕುರ್ಚಿಯಲ್ಲಿ ಕೂತರೆ ಆಯ್ತಲ್ಲ? ಅದರಲ್ಲೂ ಸರ್ಕಾರಿ ಟಿವಿ ನೋಡುವವರು ಈಗ ಎಷ್ಟು ಜನ?

ಈ ನಾಟಕದ ಪ್ರತಿ ಸುಮಾರು ಎಪ್ಪತ್ತು ವರ್ಷ ಹಳೆಯದು. ಡಮಾಸ್ಕಸ್, ಕೈರೋ, ಟೆಹರಾನ್, ಗ್ವಾಟೆಮಾಲಾ, ಬಾಗ್ದಾದ್ ಎಲ್ಲ ಕಡೆ ಇದನ್ನೇ ಆಡಿದರು. ಈಗಿನವರು ಸಂಭಾಷಣೆ ಕೂಡ ಬದಲಿಸಿಲ್ಲ. ಇದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಬೇಕಾದರೆ ಆ ಕಾಲಕ್ಕೇ ಹೋಗಬೇಕು.

ಮೊದಲು ಹೆಸರಿನ ಬಗ್ಗೆ ಒಂದು ಮಾತು. ನಮ್ಮ ಪತ್ರಿಕೆಗಳು ಇದನ್ನು ‘ಕ್ಷಿಪ್ರಕ್ರಾಂತಿ’ ಎನ್ನುತ್ತವೆ. ಕ್ಷಿಪ್ರ ಏನೋ ಸರಿ. ಕ್ರಾಂತಿ ಎಂಬ ಮಾತು ಮಾತ್ರ ನನಗೆ ಯಾವತ್ತೂ ಒಗ್ಗಿಲ್ಲ. ಕ್ರಾಂತಿಯಲ್ಲಿ ಜನ ಬೀದಿಗೆ ಬರುತ್ತಾರೆ. ಇಲ್ಲಿ ಜನ ಬೀದಿಗೆ ಬರಬಾರದು ಎನ್ನುವುದೇ ಮೊದಲ ಷರತ್ತು. ಬೇರೆ ಒಳ್ಳೆ ಪದ ಸಿಗದ ಕಾರಣ ನಾನೂ ಅದನ್ನೇ ಬಳಸುತ್ತೇನೆ.

ಎಲ್ಲಾ ಕ್ಷಿಪ್ರಕ್ರಾಂತಿಗಳಲ್ಲೂ ಒಂದು ಲೆಕ್ಕ ಸಮಾನ. ಸಂಚು ಮಾಡುವವರು ಕೆಲವೇ ಜನ. ಒಂದು ದಳ, ಎರಡು ದಳ, ಕೆಲವು ಟ್ಯಾಂಕ್. ಸೈನ್ಯದ ಉಳಿದವರೆಲ್ಲ ಬೇರೆ ಬೇರೆ ಊರುಗಳ ಕ್ಯಾಂಪಿನಲ್ಲಿ ಇರುತ್ತಾರೆ. ಅವರು ಎದ್ದು ಬಂದರೆ ಸಂಚುಕೋರರ ಕಥೆ ಮುಗಿಯಿತು. ಆದರೆ ಅವರಲ್ಲಿ ಪ್ರತಿಯೊಬ್ಬನೂ ಯೋಚಿಸುವುದು ಒಂದೇ: ಉಳಿದವರು ಯಾವ ಕಡೆ? ಸೋಲುವ ಕಡೆ ನಿಂತರೆ ಗುಂಡಿಗೆ ಎದೆ ಕೊಡಬೇಕು. ಗೆಲ್ಲುವ ಕಡೆ ನಿಂತರೆ ಪ್ರಮೋಷನ್.

ಊರಿನ ಸೊಸೈಟಿ ಬ್ಯಾಂಕಿನಲ್ಲಿ ದುಡ್ಡಿಲ್ಲವಂತೆ ಎಂಬ ಸುದ್ದಿ ಹಬ್ಬಿದಾಗ ಏನಾಗುತ್ತದೆ ನೆನೆಸಿಕೊಳ್ಳಿ. ಬ್ಯಾಂಕ್ ಚೆನ್ನಾಗೇ ಇರಬಹುದು. ಆದರೆ ಪಕ್ಕದ ಮನೆಯವರು ಪಾಸ್‌ಬುಕ್ ಹಿಡಿದು ಓಡಿದರೆ ನಾವೂ ಓಡುತ್ತೇವೆ. ಸಂಜೆಯೊಳಗೆ ಬ್ಯಾಂಕ್ ನಿಜವಾಗಿಯೂ ಬರಿದು. ಸರ್ಕಾರ ಬೀಳುವುದೂ ಹೀಗೇ. ಬಿದ್ದಿದೆ ಎಂದು ಎಲ್ಲರೂ ನಂಬಿದ ಕ್ಷಣ ಅದು ಬಿದ್ದಿರುತ್ತದೆ. ಹಾಗಾಗಿ ‘ಬಿದ್ದಿದೆ’ ಎಂದು ಮೊದಲು ಹೇಳುವವನು ಯಾರು ಎನ್ನುವುದೇ ಮುಖ್ಯ. ಆ ಕಾಲದಲ್ಲಿ ಇಡೀ ದೇಶಕ್ಕೆ ಒಟ್ಟಿಗೆ ಹೇಳಬಲ್ಲ ಯಂತ್ರ ಒಂದೇ ಇತ್ತು. ರೇಡಿಯೋ.

1944ರ ಜುಲೈ 20ರಂದು ಬರ್ಲಿನ್‌ನಲ್ಲಿ ಇದು ಉಲ್ಟಾ ಹೊಡೆದದ್ದನ್ನು ನೋಡಬಹುದು. ಹಿಟ್ಲರ್ ಕೋಣೆಯಲ್ಲಿ ಕರ್ನಲ್ ಸ್ಟೌಫೆನ್‌ಬರ್ಗ್ ಇಟ್ಟ ಬಾಂಬ್ ಮಧ್ಯಾಹ್ನ ಸಿಡಿಯಿತು. ಹಿಟ್ಲರ್ ಸತ್ತನೆಂದೇ ತಿಳಿದು ಸಂಚುಕೋರರು ಬರ್ಲಿನ್‌ನಲ್ಲಿ ಅಧಿಕಾರ ಹಿಡಿಯಲು ಹೊರಟರು. ಹೊರಡುವುದಕ್ಕೇ ಗಂಟೆಗಟ್ಟಲೆ ತಡ. ರೇಡಿಯೋ ಪ್ರಸಾರ ನಿಲ್ಲಿಸಲಾಗಲಿಲ್ಲ. ಪ್ರಚಾರ ಮಂತ್ರಿ ಗೋಬೆಲ್ಸ್‌ನನ್ನು ಹಿಡಿಯಲು ಮೇಜರ್ ರೆಮರ್ ಎಂಬುವನಿಗೆ ಆದೇಶ ಹೋಯಿತು. ಆದರೆ ಗೋಬೆಲ್ಸ್‌ನ ಫೋನ್ ಲೈನ್ ಕತ್ತರಿಸಲು ಯಾರಿಗೂ ನೆನಪಾಗಲಿಲ್ಲ. ಆತ ಫೋನ್ ಎತ್ತಿದ, ಹಿಟ್ಲರ್‌ಗೆ ಕನೆಕ್ಷನ್ ಸಿಕ್ಕಿತು, ರಿಸೀವರನ್ನು ರೆಮರ್ ಕೈಗೆ ಕೊಟ್ಟ. ಆ ಕಡೆಯಿಂದ ಬಂದದ್ದು ಹಿಟ್ಲರನ ದನಿಯೇ. ಬಂಧಿಸಲು ಬಂದ ಮೇಜರ್ ಅಲ್ಲೇ ತಿರುಗಿ ಸಂಚುಕೋರರನ್ನು ಹಿಡಿಯಲು ಹೋದ. ಮಧ್ಯರಾತ್ರಿ ಹೊತ್ತಿಗೆ ಸ್ಟೌಫೆನ್‌ಬರ್ಗ್‌ನನ್ನು ಸೇನಾ ಕಚೇರಿಯ ಅಂಗಳದಲ್ಲೇ ಗುಂಡಿಟ್ಟು ಕೊಂದರು. ಒಂದು ಫೋನ್ ಕರೆ ಇಷ್ಟು ಕೆಲಸ ಮಾಡಿತು.

ಮುಂದೆ ಬಂದವರು ಪಾಠ ಕಲಿತಿದ್ದರೋ ಏನೋ, ಸ್ಟುಡಿಯೋಗೆ ಹೋಗುವುದನ್ನು ಮಾತ್ರ ಮರೆಯಲಿಲ್ಲ. 1952ರ ಜುಲೈ 22ರ ರಾತ್ರಿ ಈಜಿಪ್ಟಿನ ಅನ್ವರ್ ಸಾದತ್ ಮನೆಯವರ ಜೊತೆ ಸಿನಿಮಾಕ್ಕೆ ಹೋಗಿದ್ದ. ಅವನೂ ಸಂಚಿನಲ್ಲಿ ಒಬ್ಬ, ಆದರೆ ಮುಹೂರ್ತ ಅಂದುಕೊಂಡದ್ದಕ್ಕಿಂತ ಬೇಗ ಬಂದದ್ದು ಅವನಿಗೆ ಗೊತ್ತಿಲ್ಲ. ಮನೆಗೆ ವಾಪಸ್ ಬಂದಾಗ ಸಂಚಿನ ಮುಖಂಡ ನಾಸೆರ್ ಬಿಟ್ಟುಹೋದ ಚೀಟಿ ಸಿಕ್ಕಿತು. ಯೂನಿಫಾರ್ಮ್ ಹಾಕಿಕೊಂಡು ಓಡಿದ. ಬೆಳಿಗ್ಗೆ ಕೈರೋ ರೇಡಿಯೋದಲ್ಲಿ ಜನರಲ್ ನಗೀಬ್ ಹೆಸರಿನಲ್ಲಿ ಪ್ರಕಟಣೆ ಓದಿದವನು ಇದೇ ಸಾದತ್. ಮೂರು ದಿನಕ್ಕೆ ದೊರೆ ಫಾರೂಕ್ ತನ್ನ ಹಡಗು ಹತ್ತಿ ಅಲೆಕ್ಸಾಂಡ್ರಿಯಾ ಬಿಟ್ಟ. ಕಳಿಸಿಕೊಡುವಾಗ 21 ತೋಪು ಹಾರಿಸಿದರು. ಎಲ್ಲರಿಗೂ ಇಷ್ಟು ಮರ್ಯಾದೆ ಸಿಗಲಿಲ್ಲ. 1958ರ ಜುಲೈ 14ರಂದು ಇರಾಕಿನಲ್ಲಿ, ಜೋರ್ಡಾನ್‌ಗೆ ಹೋಗಬೇಕಿದ್ದ ಒಂದು ಬ್ರಿಗೇಡ್ ಬಾಗ್ದಾದ್ ಹಾದಿಯಲ್ಲಿ ನಿಂತುಬಿಟ್ಟಿತು. ಕರ್ನಲ್ ಆರಿಫ್ ರೇಡಿಯೋ ಹಿಡಿದು ಗಣರಾಜ್ಯ ಘೋಷಿಸಿದ. 23 ವರ್ಷದ ದೊರೆ ಫೈಸಲ್‌ನನ್ನು ಅರಮನೆಯ ಅಂಗಳದಲ್ಲಿ ಕೊಂದರು. ಸಿರಿಯಾದ ಕಥೆ ಇನ್ನೂ ವಿಚಿತ್ರ. 1949ರಲ್ಲಿ ಮಾರ್ಚ್‌ನಲ್ಲಿ ಒಂದು, ಆಗಸ್ಟ್‌ನಲ್ಲಿ ಒಂದು, ಡಿಸೆಂಬರ್‌ನಲ್ಲಿ ಒಂದು. ಒಂದೇ ವರ್ಷಕ್ಕೆ ಮೂರು ಕ್ಷಿಪ್ರಕ್ರಾಂತಿ. ಒಮ್ಮೆ ಈ ಬಾಗಿಲು ತೆರೆದರೆ ಯಾರು ಬೇಕಾದರೂ ನುಗ್ಗಬಹುದು ಎಂದು ಸೈನ್ಯಕ್ಕೆ ಗೊತ್ತಾಗಿಬಿಡುತ್ತದೆ.

ಇವೆಲ್ಲದರಲ್ಲಿ ನಾನು ಮತ್ತೆ ಮತ್ತೆ ಓದುವುದು ಇರಾನಿನ ಕಥೆ. ಅದು ಮೊದಲು ಸೋತು, ಆಮೇಲೆ ಗೆದ್ದ ಕ್ಷಿಪ್ರಕ್ರಾಂತಿ. ನಡುವೆ ನಾಲ್ಕು ದಿನ.

ಮೊಹಮ್ಮದ್ ಮೊಸಾದೆಗ್ 1951ರ ಏಪ್ರಿಲ್‌ನಲ್ಲಿ ಪ್ರಧಾನಿಯಾದರು. ದೊಡ್ಡ ಮನೆತನದವರು, ಕಾನೂನು ಓದಿದವರು, ವಯಸ್ಸಾದವರು. ಪಾರ್ಲಿಮೆಂಟಿನಲ್ಲಿ ಮಾತಾಡುತ್ತಾ ಅಳುತ್ತಿದ್ದರು, ಕೆಲವೊಮ್ಮೆ ತಲೆಸುತ್ತಿ ಬೀಳುತ್ತಿದ್ದರು. ವಿದೇಶದ ರಾಯಭಾರಿಗಳನ್ನು ಹಾಸಿಗೆಯಲ್ಲಿ ಪೈಜಾಮದಲ್ಲೇ ಕೂತು ಮಾತಾಡಿಸುತ್ತಿದ್ದರು. ಪಾಶ್ಚಾತ್ಯ ಪತ್ರಿಕೆಗಳಿಗೆ ಇದು ತಮಾಷೆ. ಇರಾನಿನ ಜನಕ್ಕೆ ಅವರೊಬ್ಬ ಹೀರೋ. ಯಾಕೆಂದರೆ ಎಣ್ಣೆಯನ್ನು ರಾಷ್ಟ್ರೀಕರಣ ಮಾಡಿದ ಹೋರಾಟದ ಮುಂಚೂಣಿಯಲ್ಲಿ ಇದ್ದವರು ಅವರೇ. ಅಲ್ಲಿಯ ತನಕ ಇರಾನಿನ ಎಣ್ಣೆ ಆಂಗ್ಲೋ-ಇರಾನಿಯನ್ ಆಯಿಲ್ ಕಂಪನಿಯ ಕೈಯಲ್ಲಿತ್ತು. ಇಂದು ಬಿಪಿ ಎಂದು ಹೆಸರಿರುವ ಕಂಪನಿ ಅದೇ. ಅದರ ಹೆಚ್ಚಿನ ಪಾಲು ಬ್ರಿಟಿಷ್ ಸರ್ಕಾರದ್ದು. ಅಬಾದಾನಿನ ಅದರ ರಿಫೈನರಿ ಆಗ ಜಗತ್ತಿನಲ್ಲೇ ದೊಡ್ಡದು.

ಬ್ರಿಟನ್ ಸುಮ್ಮನಿರಲಿಲ್ಲ. ಇರಾನಿನ ಎಣ್ಣೆಯನ್ನು ಯಾರೂ ಕೊಳ್ಳದಂತೆ ತಡೆಯಿತು. ಇರಾನಿನ ಬೊಕ್ಕಸ ಬರಿದಾಯಿತು. ಆಮೇಲೆ ಅಮೆರಿಕವನ್ನೂ ಒಪ್ಪಿಸಿತು. ‘ನಮ್ಮ ಎಣ್ಣೆ ಹೋಯಿತು’ ಎಂದರೆ ವಾಷಿಂಗ್ಟನ್ ಕರಗುವುದಿಲ್ಲ, ‘ಕಮ್ಯುನಿಸ್ಟರು ಬರುತ್ತಾರೆ’ ಎಂದರೆ ಕರಗುತ್ತದೆ ಎಂದು ಲಂಡನ್ನಿಗೆ ಚೆನ್ನಾಗಿ ಗೊತ್ತಿತ್ತು. 1953ರಲ್ಲಿ ಐಸೆನ್‌ಹೋವರ್ ಅಮೆರಿಕದ ಅಧ್ಯಕ್ಷನಾಗಿ ಬಂದ ಮೇಲೆ ಕೆಲಸಕ್ಕೆ ಕೈಹಾಕಿದರು. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಕಳಿಸಿದ್ದು ಕೆರ್ಮಿಟ್ ರೂಸ್‌ವೆಲ್ಟ್ ಎಂಬಾತನನ್ನು. ಹಳೆಯ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ನ ಮೊಮ್ಮಗ.

ಯೋಜನೆ ಮೇಲ್ನೋಟಕ್ಕೆ ಕಾನೂನಿನಂತೆಯೇ ಕಾಣುತ್ತಿತ್ತು. ಮೊಸಾದೆಗ್‌ರನ್ನು ವಜಾ ಮಾಡಿ, ಜನರಲ್ ಜಾಹೆದಿಯನ್ನು ಪ್ರಧಾನಿ ಮಾಡುವ ಆದೇಶಗಳಿಗೆ ಇರಾನಿನ ದೊರೆ ಶಾ ಸಹಿ ಹಾಕುವುದು. ಶಾ ಹೆದರಿ ಹೆದರಿ, ವಾರಗಟ್ಟಲೆ ಹೇಳಿಸಿಕೊಂಡು ಕೊನೆಗೆ ಸಹಿ ಹಾಕಿದ. ಆಗಸ್ಟ್ 15ರ ನಡುರಾತ್ರಿ ಕಳೆದ ಮೇಲೆ ಕರ್ನಲ್ ನಸ್ಸಿರಿ ಆ ಕಾಗದ ಹಿಡಿದು ಮೊಸಾದೆಗ್ ಮನೆಗೆ ಹೋದ. ಸುದ್ದಿ ಮೊದಲೇ ಸೋರಿತ್ತು. ನಸ್ಸಿರಿಯನ್ನೇ ಹಿಡಿದು ಒಳಗೆ ಹಾಕಿದರು. ಬೆಳಿಗ್ಗೆ ಟೆಹರಾನ್ ರೇಡಿಯೋ ಸಂಚು ಮುರಿದ ಸುದ್ದಿ ಹೇಳಿತು. ಶಾ ರಾಣಿಯನ್ನು ಕರೆದುಕೊಂಡು ವಿಮಾನ ಹತ್ತಿ ಬಾಗ್ದಾದ್‌ಗೆ, ಅಲ್ಲಿಂದ ರೋಮ್‌ಗೆ ಓಡಿದ. ರೂಸ್‌ವೆಲ್ಟ್‌ಗೂ ವಾಪಸ್ ಬಾ ಎಂದು ಮೇಲಿನವರ ತಂತಿ ಬಂತು.

ಅವನು ಹೋಗಲಿಲ್ಲ. ಅವನ ಬಳಿ ಒಂದು ಕಾಗದ ಉಳಿದಿತ್ತು: ಶಾ ಸಹಿ ಹಾಕಿದ ಆದೇಶ. ಅದರ ಪ್ರತಿಗಳನ್ನು ಮಾಡಿಸಿ ಪತ್ರಿಕೆಯವರಿಗೆ ಹಂಚಿಸಿದ. ಈಗ ಕಥೆ ತಿರುಗಿತು. ಪ್ರಧಾನಿಯ ವಿರುದ್ಧ ಸಂಚು ನಡೆದಿದೆ ಎನ್ನುವುದು ನಿನ್ನೆಯ ಸುದ್ದಿ. ವಜಾ ಆದ ಪ್ರಧಾನಿ ಕುರ್ಚಿ ಬಿಡುತ್ತಿಲ್ಲ ಎನ್ನುವುದು ಇವತ್ತಿನ ಸುದ್ದಿ. ಕ್ಯಾಂಪಿನಲ್ಲಿ ಕೂತು ಯಾವ ಕಡೆ ವಾಲಬೇಕೆಂದು ನೋಡುತ್ತಿದ್ದ ಆಫೀಸರನಿಗೆ ಈ ಕಾಗದ ಒಂದು ನೆಪ ಕೊಟ್ಟಿತು. ‘ನಾನು ದಂಗೆ ಎದ್ದಿಲ್ಲ, ದೊರೆಯ ಮಾತು ಪಾಲಿಸಿದೆ’ ಎಂದು ಅವನು ನಾಳೆ ಹೇಳಬಹುದು.

ಈ ಹೊತ್ತಿಗೆ ಮೊಸಾದೆಗ್ ಒಂದು ತಪ್ಪು ಮಾಡಿದರು. ಬೀದಿಯಲ್ಲಿ ಎಡಪಂಥೀಯರು ಶಾ ಪ್ರತಿಮೆ ಉರುಳಿಸುತ್ತಿದ್ದರು, ಗಲಾಟೆ ಜೋರಾಗಿತ್ತು. ಅದರಲ್ಲಿ ಸಿಐಎ ದುಡ್ಡು ಕೊಟ್ಟು ಎಬ್ಬಿಸಿದ ಗಲಾಟೆಯೂ ಇತ್ತು. ಆಗಸ್ಟ್ 18ರ ಸಂಜೆ ಅಮೆರಿಕದ ರಾಯಭಾರಿ ಹೆಂಡರ್ಸನ್ ಬಂದು, ನಮ್ಮ ಜನಕ್ಕೆ ಇಲ್ಲಿ ರಕ್ಷಣೆ ಇಲ್ಲ ಎಂದು ದೂರು ಹೇಳಿದ. ಮೊಸಾದೆಗ್ ಮೆರವಣಿಗೆಗಳನ್ನು ನಿಲ್ಲಿಸಿದರು. ತಮ್ಮ ಕಡೆಯವರೂ ಮನೆಯಲ್ಲಿರಬೇಕು ಎಂದರು. ಸಭ್ಯ ಮನುಷ್ಯ, ಮನೆಗೆ ಬಂದವರ ದೂರಿಗೆ ಬೆಲೆ ಕೊಟ್ಟರು ಎನ್ನಬಹುದು. ಒಂದು ವರ್ಷದ ಹಿಂದೆ, 1952ರ ಜುಲೈನಲ್ಲಿ, ಅವರು ರಾಜೀನಾಮೆ ಕೊಟ್ಟಾಗ ಇದೇ ಜನ ಬೀದಿಗೆ ಬಂದು, ಗುಂಡಿಗೆ ಎದೆಕೊಟ್ಟು, ಅವರನ್ನು ಮತ್ತೆ ಕುರ್ಚಿಗೆ ಕೂರಿಸಿದ್ದರು. ಆ ಜನ ಆಗಸ್ಟ್ 19ರ ಬೆಳಿಗ್ಗೆ ಮನೆಯಲ್ಲಿದ್ದರು.

ಬೀದಿಗೆ ಬಂದದ್ದು ಬೇರೆ ಜನ. ದಕ್ಷಿಣ ಟೆಹರಾನಿನ ಬಜಾರ್ ಕಡೆಯಿಂದ ಗುಂಪು ಹೊರಟಿತು. ಗರಡಿಮನೆಯ ಪೈಲ್ವಾನರು ಮುಂದೆ, ಶಾಗೆ ಜೈಕಾರ. ಎಷ್ಟು ಜನ ದುಡ್ಡಿಗೆ ಬಂದವರು, ಎಷ್ಟು ಜನ ಮನಸ್ಸಿನಿಂದ ಬಂದವರು ಎಂದು ಇತಿಹಾಸಕಾರರು ಇಂದಿಗೂ ಜಗಳವಾಡುತ್ತಾರೆ. ಎಣ್ಣೆ ವ್ಯಾಪಾರ ನಿಂತು ಬದುಕು ಬಿಗಿಯಾಗಿತ್ತು, ಧರ್ಮಗುರುಗಳಲ್ಲಿ ಕೆಲವರು ಮುನಿಸಿಕೊಂಡಿದ್ದರು, ಹಾಗಾಗಿ ಎಲ್ಲರೂ ಬಾಡಿಗೆಯವರು ಎನ್ನಲಾಗದು. ಮಧ್ಯಾಹ್ನದ ಹೊತ್ತಿಗೆ ಸೈನಿಕರು, ಟ್ಯಾಂಕ್‌ಗಳು ಗುಂಪಿನ ಜೊತೆ ಸೇರಿದವು.

ಈಗ ಟೆಹರಾನ್ ರೇಡಿಯೋ ಏನು ಹೇಳುತ್ತಿತ್ತು ಗೊತ್ತಾ? ಹತ್ತಿಯ ರೇಟು. ಊರಲ್ಲಿ ಟ್ಯಾಂಕ್ ಓಡಾಡುತ್ತಿದ್ದರೆ, ರೇಡಿಯೋದಲ್ಲಿ ಹತ್ತಿ ಮಾರುಕಟ್ಟೆಯ ಸಪ್ಪೆ ಮಾತು, ಆಮೇಲೆ ಬರೀ ಸಂಗೀತ. ಸರ್ಕಾರದ ಕೈಯಲ್ಲಿ ಮೈಕ್ ಇತ್ತು, ಬನ್ನಿ ಎಂದು ಯಾರೂ ಕರೆಯಲಿಲ್ಲ. ನಂತರ ಗುಂಪು ರೇಡಿಯೋ ಕಟ್ಟಡಕ್ಕೆ ನುಗ್ಗಿತು. ಶಾ ಕಡೆಯವರು ಮಾತಾಡಿದರು. ಅಡಗಿದ್ದ ಜಾಹೆದಿ ಹೊರಗೆ ಬಂದು, ಟ್ಯಾಂಕ್ ಹತ್ತಿ, ಅದೇ ಮೈಕಿನಲ್ಲಿ ತಾನೇ ಪ್ರಧಾನಿ ಎಂದ. ಸಿಐಎ ತನ್ನ ಒಳಗಿನ ವರದಿಯಲ್ಲೇ ಬರೆದುಕೊಂಡಿತು: ರೇಡಿಯೋ ಸಿಕ್ಕಿದ್ದರಿಂದ ರಾಜಧಾನಿ ಮಾತ್ರವಲ್ಲ, ಹೊರಗಿನ ಊರುಗಳೂ ಬೇಗ ದಾರಿಗೆ ಬಂದವು ಎಂದು. ಆ ಊರುಗಳಿಗೆ ಬಹುಪಾಲು ದನಿಯೇ ಸಾಕಾಯಿತು.

ಗುಂಡು ಜೋರಾಗಿ ಹಾರಿದ್ದು ಮೊಸಾದೆಗ್ ಮನೆಯ ಮುಂದೆ. ಸಂಜೆಯ ತನಕ ಟ್ಯಾಂಕ್‌ಗಳು ಹೊಡೆದುಕೊಂಡವು. ಆ ದಿನ ಸತ್ತವರು ಸುಮಾರು 300 ಎಂದು ಲೆಕ್ಕ. ಮನೆ ಲೂಟಿಯಾಯಿತು. ಮೊಸಾದೆಗ್ ಮರುದಿನ ಶರಣಾದರು. ಮೂರು ವರ್ಷ ಜೈಲು, ಆಮೇಲೆ ಅಹ್ಮದಾಬಾದ್ ಎಂಬ ಹಳ್ಳಿಯ ತಮ್ಮ ಮನೆಯಲ್ಲಿ ಗೃಹಬಂಧನ. ನಮ್ಮ ಗುಜರಾತಿನದಲ್ಲ, ಟೆಹರಾನಿನ ಹತ್ತಿರದ್ದು. 1967ರಲ್ಲಿ ಅಲ್ಲೇ ತೀರಿಕೊಂಡರು. ಜನ ಸೇರುತ್ತಾರೆಂಬ ಭಯಕ್ಕೆ ಬೇರೆಲ್ಲೂ ಹೂಳಲು ಬಿಡಲಿಲ್ಲ. ಅದೇ ಮನೆಯ ಊಟದ ಕೋಣೆಯಲ್ಲಿ ಸಮಾಧಿಯಾಯಿತು.

ಮತ್ತೆ ಎಣ್ಣೆ? 1954ರಲ್ಲಿ ಹೊಸ ಒಪ್ಪಂದ. ಬ್ರಿಟಿಷ್ ಕಂಪನಿಗೆ 40 ಪರ್ಸೆಂಟ್, ಅಮೆರಿಕದ ಕಂಪನಿಗಳಿಗೆ 40, ಉಳಿದದ್ದು ಶೆಲ್ ಮತ್ತು ಒಂದು ಫ್ರೆಂಚ್ ಕಂಪನಿಗೆ. ತನ್ನ ಸೊತ್ತನ್ನು ವಾಪಸ್ ಪಡೆಯಲು ಹೊರಟ ಬ್ರಿಟನ್ ಅರ್ಧಕ್ಕಿಂತ ಕಮ್ಮಿಗೆ ತೃಪ್ತಿಪಡಬೇಕಾಯಿತು. ಈ ಕೆಲಸ ಮಾಡಿದ್ದು ನಾವೇ ಎಂದು ಸಿಐಎ ತನ್ನ ದಾಖಲೆಗಳಲ್ಲಿ ನೇರವಾಗಿ ಒಪ್ಪಿಕೊಂಡದ್ದು 2013ರಲ್ಲಿ, ಅರವತ್ತು ವರ್ಷದ ಮೇಲೆ.

ಟೆಹರಾನ್ ಗೆಲುವಿನ ಅಮಲು ಇಳಿಯುವ ಮೊದಲೇ ಮುಂದಿನ ಊರು ಸಿಕ್ಕಿತು: ಗ್ವಾಟೆಮಾಲಾ. ಇಲ್ಲಿ ರೇಡಿಯೋ ಸ್ಟೇಷನ್ ಹಿಡಿಯುವ ತಾಪತ್ರಯವೇ ಬೇಡ ಎಂದು, ಸಿಐಎಯವರು ತಮ್ಮದೇ ಒಂದು ಸ್ಟೇಷನ್ ಮಾಡಿಕೊಂಡರು.

ಅಧ್ಯಕ್ಷ ಹಾಕೊಬೊ ಆರ್ಬೆನ್ಸ್ 1952ರಲ್ಲಿ ಭೂಸುಧಾರಣೆ ಕಾನೂನು ತಂದಿದ್ದ. ಉಳದೆ ಬೀಳು ಬಿಟ್ಟ ದೊಡ್ಡ ಹಿಡುವಳಿಗಳನ್ನು ಸರ್ಕಾರ ತೆಗೆದುಕೊಂಡು ಭೂಮಿ ಇಲ್ಲದವರಿಗೆ ಕೊಡುವುದು. ‘ಉಳುವವನೇ ಹೊಲದೊಡೆಯ’ ಕೇಳಿದ ನಮಗೆ ಇದೇನು ಹೊಸದಲ್ಲ. ಅಲ್ಲಿ ಹೆಚ್ಚು ಬೀಳುಭೂಮಿ ಇದ್ದದ್ದು ಅಮೆರಿಕದ ಬಾಳೆಹಣ್ಣಿನ ಕಂಪನಿ ಯುನೈಟೆಡ್ ಫ್ರೂಟ್ ಕೈಯಲ್ಲಿ. ಪರಿಹಾರ ಎಷ್ಟು? ಕಂಪನಿ ತೆರಿಗೆ ಕಟ್ಟುವಾಗ ತಾನೇ ಬರೆದುಕೊಟ್ಟ ಬೆಲೆಯಷ್ಟು ಎಂದಿತು ಸರ್ಕಾರ. ಸುಮಾರು 6.27 ಲಕ್ಷ ಡಾಲರ್ ಆಯಿತು. ತೆರಿಗೆ ಉಳಿಸಲು ಕಂಪನಿ ವರ್ಷಗಟ್ಟಲೆ ಕಮ್ಮಿ ಬೆಲೆ ತೋರಿಸುತ್ತಾ ಬಂದಿತ್ತು. ಸೈಟು ರಿಜಿಸ್ಟ್ರೇಷನ್ ಮಾಡಿಸುವಾಗ ಒಂದು ರೇಟು, ಮಾರುವಾಗ ಇನ್ನೊಂದು ರೇಟು ನಮಗೂ ಗೊತ್ತಿರುವುದೇ, ಅಲ್ವಾ? ಈಗ ಅದು ತನ್ನ ಕೊರಳಿಗೇ ಬಂತು. ಅಮೆರಿಕ ಸರ್ಕಾರ ಕಂಪನಿ ಪರವಾಗಿ ಕೇಳಿದ್ದು ಸುಮಾರು 1.58 ಕೋಟಿ ಡಾಲರ್.

1954ರ ಮೇ 1ರಂದು ‘ವಿಮೋಚನೆಯ ದನಿ’ ಎಂಬ ರೇಡಿಯೋ ಶುರುವಾಯಿತು. ನಾವು ಗ್ವಾಟೆಮಾಲಾದ ಕಾಡಿನೊಳಗಿಂದ ಮಾತಾಡುತ್ತಿದ್ದೇವೆ ಎಂದು ಹೇಳಿಕೊಂಡಿತು. ಕಾರ್ಯಕ್ರಮಗಳು ರೆಕಾರ್ಡ್ ಆಗುತ್ತಿದ್ದದ್ದು ಅಮೆರಿಕದ ಫ್ಲೋರಿಡಾದಲ್ಲಿ, ಪ್ರಸಾರ ಆಗುತ್ತಿದ್ದದ್ದು ಪಕ್ಕದ ದೇಶಗಳಿಂದ. ಜೂನ್ 18ರಂದು ಸಿಐಎ ಬೆನ್ನಿಗೆ ನಿಂತಿದ್ದ ಕರ್ನಲ್ ಕಾಸ್ತಿಯೊ ಆರ್ಮಾಸ್ ಗಡಿ ದಾಟಿದ. ಅವನ ಜೊತೆ ಇದ್ದವರು ಹೆಚ್ಚೆಂದರೆ 500 ಜನ. ರೇಡಿಯೋ ಕೇಳಿದವರಿಗೆ ಮಾತ್ರ ಸಾವಿರಾರು ಜನರ ಸೈನ್ಯ ರಾಜಧಾನಿಗೆ ಬರುತ್ತಿದೆ ಎನಿಸುತ್ತಿತ್ತು. ಊರಿನ ಮೇಲೆ ಕೆಲವು ವಿಮಾನ ಹಾರಿ ಅಲ್ಲೊಂದು ಇಲ್ಲೊಂದು ಬಾಂಬ್ ಹಾಕಿದವು. ಅಷ್ಟೇ ಸಾಕ್ಷಿ ಸಾಕಾಯಿತು.

ಒಬ್ಬ ಪೈಲಟ್ ದೇಶ ಬಿಟ್ಟು ಸಂಚುಕೋರರ ಕಡೆ ಬಂದ. ಉಳಿದ ಪೈಲಟ್‌ಗಳನ್ನೂ ಕರೆ ಎಂದರೆ, ಮನೆಯವರು ಅಲ್ಲೇ ಇದ್ದಾರೆ, ಆಗಲ್ಲ ಎಂದ. ಅವನಿಗೆ ಚೆನ್ನಾಗಿ ಕುಡಿಸಿ, ಹಾಗೆ ಮಾತಾಡುವುದಾದರೆ ಏನು ಹೇಳುತ್ತಿದ್ದೆ ಎಂದು ಕೇಳಿ, ಗೊತ್ತಾಗದಂತೆ ರೆಕಾರ್ಡ್ ಮಾಡಿದರು. ಕತ್ತರಿಸಿ ಜೋಡಿಸಿ ಪ್ರಸಾರ ಮಾಡಿದರು. ಆ ರೇಡಿಯೋ ನಡೆಸಿದವರೇ ಮುಂದೆ ಇದನ್ನು ಹೇಳಿಕೊಂಡಿದ್ದಾರೆ. ಆರ್ಬೆನ್ಸ್ ತನ್ನ ವಾಯುಪಡೆಯನ್ನೇ ನಂಬದೆ ವಿಮಾನಗಳನ್ನು ನೆಲಕ್ಕೆ ಕಟ್ಟಿಹಾಕಿದ. ಭೂಸೇನೆಯ ಆಫೀಸರ್‌ಗಳು ಕಾದಾಡಲು ಒಪ್ಪಲಿಲ್ಲ. ಅವರು ಹೆದರಿದ್ದು ಆ 500 ಜನಕ್ಕಲ್ಲ, ಅವರ ಬೆನ್ನ ಹಿಂದಿನ ಅಮೆರಿಕಕ್ಕೆ. ಜೂನ್ 27ರಂದು ಆರ್ಬೆನ್ಸ್ ರಾಜೀನಾಮೆ ಕೊಟ್ಟ. ದೇಶ ಬಿಟ್ಟು ಹೋಗುವಾಗ ವಿಮಾನ ನಿಲ್ದಾಣದಲ್ಲಿ ಫೋಟೋಗ್ರಾಫರ್‌ಗಳ ಮುಂದೆ ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡಿದರು. ಆ ದೇಶ ಮುಂದೆ 1960ರಿಂದ 1996ರ ತನಕ ಅಂತರ್ಯುದ್ಧದಲ್ಲಿ ಬೆಂದಿತು. ಸತ್ತವರು ಎರಡು ಲಕ್ಷ.

ಹಾಗಾದರೆ ರೇಡಿಯೋ ಇದ್ದವನು ಗೆದ್ದ ಎಂದು ಬರೆದುಬಿಡಬಹುದೇ? ಇಲ್ಲ. ಕೇಳುವವನ ಕೈಯಲ್ಲೂ ರೇಡಿಯೋ ಬಂದಾಗ ಆಟ ಬದಲಾಯಿತು. 1961ರ ಏಪ್ರಿಲ್ 22ರ ನಸುಕಿನಲ್ಲಿ ನಾಲ್ವರು ಫ್ರೆಂಚ್ ಜನರಲ್‌ಗಳು ಅಲ್ಜಿಯರ್ಸ್ ಹಿಡಿದರು. ಅಲ್ಜೀರಿಯಾಕ್ಕೆ ಸ್ವಾತಂತ್ರ್ಯ ಕೊಡಲು ಹೊರಟ ಫ್ರಾನ್ಸ್ ಅಧ್ಯಕ್ಷ ಡಿಗಾಲ್ ಮೇಲೆ ಅವರಿಗೆ ಸಿಟ್ಟು. ಸ್ಥಳೀಯ ರೇಡಿಯೋವೂ ಅವರ ಕೈಗೆ ಬಂತು. ಪಠ್ಯದ ಪ್ರಕಾರ ಎಲ್ಲ ಸರಿ. ಆದರೆ ಅವರ ಕೈಕೆಳಗಿದ್ದ ಸೈನಿಕರಲ್ಲಿ ಹೆಚ್ಚಿನವರು ಕಡ್ಡಾಯ ಸೇವೆಗೆ ಬಂದ ಇಪ್ಪತ್ತರ ಹುಡುಗರು. ದಿನ ಎಣಿಸುತ್ತಾ, ಮನೆಗೆ ಹೋಗುವುದು ಯಾವಾಗ ಎಂದು ಕಾಯುತ್ತಿದ್ದವರು. ಮತ್ತು ಅವರ ಬಳಿ ಹೊಸ ಸಾಮಾನೊಂದಿತ್ತು. ಸೆಲ್ ಹಾಕಿ ಹಾಸಿಗೆ ಮೇಲೆ ಇಟ್ಟುಕೊಳ್ಳಬಹುದಾದ ಟ್ರಾನ್ಸಿಸ್ಟರ್.

23ರ ರಾತ್ರಿ ಡಿಗಾಲ್ ಹಳೆಯ ಮಿಲಿಟರಿ ಯೂನಿಫಾರ್ಮ್ ಹಾಕಿಕೊಂಡು ಕ್ಯಾಮೆರಾ ಮುಂದೆ ಕೂತ. ರಿಟೈರ್ ಆದ ಒಂದು ಹಿಡಿ ಜನರಲ್‌ಗಳು ಎಂದು ಲೇವಡಿ ಮಾಡಿದ. ಅವರ ಆದೇಶ ಪಾಲಿಸುವುದನ್ನು ನಿಷೇಧಿಸಿದ್ದೇನೆ ಎಂದ. ಪ್ಯಾರಿಸ್‌ನ ಆ ದನಿ ಸಮುದ್ರ ದಾಟಿ ಬ್ಯಾರಕ್‌ಗಳ ಒಳಗೆ, ಕಂಬಳಿ ಕೆಳಗೆ ಕೇಳಿಸಿತು. ಹುಡುಗರು ದಂಗೆ ಏಳಲಿಲ್ಲ, ಸುಮ್ನೆ ಕೆಲಸ ನಿಧಾನ ಮಾಡಿದರು. ಗಾಡಿ ಸ್ಟಾರ್ಟ್ ಆಗಲ್ಲ, ಸಂದೇಶ ತಲುಪಲ್ಲ, ಆದೇಶ ಅರ್ಥ ಆಗಲ್ಲ. ನಾಲ್ಕೇ ದಿನದಲ್ಲಿ ಎಲ್ಲ ಮುಗಿಯಿತು. ಫ್ರಾನ್ಸ್‌ನಲ್ಲಿ ಇದನ್ನು ಟ್ರಾನ್ಸಿಸ್ಟರ್‌ಗಳ ಗೆಲುವು ಎಂದೇ ನೆನೆಯುತ್ತಾರೆ.

ನಮ್ಮ ಕಡೆಗೂ ಒಮ್ಮೆ ತಿರುಗೋಣ. 1958ರ ಅಕ್ಟೋಬರ್ 7ರಂದು ಪಾಕಿಸ್ತಾನದ ಅಧ್ಯಕ್ಷ ಇಸ್ಕಂದರ್ ಮಿರ್ಜಾ ಸಂವಿಧಾನ ರದ್ದು ಮಾಡಿ, ಸೇನಾ ಮುಖ್ಯಸ್ಥ ಅಯೂಬ್ ಖಾನ್ ಕೈಗೆ ಮಾರ್ಷಲ್ ಲಾ ಕೊಟ್ಟ. 27ರ ರಾತ್ರಿ ಅಯೂಬ್‌ನ ಜನರಲ್‌ಗಳು ಮಿರ್ಜಾ ಮನೆಗೇ ಬಂದು ರಾಜೀನಾಮೆ ಬರೆಸಿಕೊಂಡರು. ಹುಲಿ ಸವಾರಿ ಇಪ್ಪತ್ತು ದಿನಕ್ಕೆ ಮುಗಿಯಿತು. ಮಿರ್ಜಾ ಉಳಿದ ಆಯುಷ್ಯ ಕಳೆದದ್ದು ಲಂಡನ್ನಿನಲ್ಲಿ.

ಅಯೂಬ್ ಇಂಗ್ಲೆಂಡಿನ ಸೇನಾ ಶಾಲೆ ಸ್ಯಾಂಡ್‌ಹರ್ಸ್ಟ್‌ನಲ್ಲಿ ಕಲಿತವನು. ಅದೇ ಹೊತ್ತಿಗೆ ಭಾರತದ ಸೇನೆಯ ಮುಖ್ಯಸ್ಥರಾಗಿದ್ದ ನಮ್ಮ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ ಕೂಡ ಅಲ್ಲಿಯವರೇ. ಒಂದೇ ಶಾಲೆ, 1947ರ ತನಕ ಒಂದೇ ಸೈನ್ಯ. ಹಾಗಾಗಿ 1959ರ ಆಗಸ್ಟ್ 31ರಂದು ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಕಿತ್ತಾಡಿಕೊಂಡು ತಿಮ್ಮಯ್ಯ ರಾಜೀನಾಮೆ ಕೊಟ್ಟಾಗ ದೆಹಲಿ ಬೆವರಿತು. ನೆಹರು ಕರೆದು ಮಾತಾಡಿದರು. ತಿಮ್ಮಯ್ಯ ರಾಜೀನಾಮೆ ವಾಪಸ್ ತೆಗೆದುಕೊಂಡರು. ಸೆಪ್ಟೆಂಬರ್ 2ರಂದು ನೆಹರು ಲೋಕಸಭೆಯಲ್ಲಿ, ಸೈನ್ಯಕ್ಕಿಂತ ಚುನಾಯಿತ ಸರ್ಕಾರವೇ ಮೇಲು ಎಂಬ ಅರ್ಥದ ಮಾತಾಡಿದರು. ತಿಮ್ಮಯ್ಯನವರ ತಪ್ಪು ಎನ್ನುವಂತೆ ಕೇಳಿಸಿತು ಅದು. ಜನರಲ್‌ಗೆ ನೋವಾಗಿರಲೇಬೇಕು. ಆದರೂ ಅವರು 1961ರ ತನಕ ಕೆಲಸ ಮಾಡಿ ಸುಮ್ಮನೆ ನಿವೃತ್ತರಾದರು. ಅವರ ಮಡಿಕೇರಿಯ ಮನೆ ‘ಸನ್ನಿ ಸೈಡ್’ ಈಗ ಮ್ಯೂಸಿಯಂ.

ಇದನ್ನು ಒಬ್ಬ ಮನುಷ್ಯನ ಒಳ್ಳೆಯತನ ಎಂದು ಬಿಟ್ಟರೆ ಅರ್ಧ ಕಥೆ ಮಾತ್ರ. ಉಳಿದರ್ಧ ವ್ಯವಸ್ಥೆಯದ್ದು. ಬ್ರಿಟಿಷರ ಕಾಲದಲ್ಲಿ ಕಮಾಂಡರ್-ಇನ್-ಚೀಫ್ ವೈಸ್‌ರಾಯ್ ನಂತರದ ದೊಡ್ಡ ಮನುಷ್ಯ. ಸ್ವಾತಂತ್ರ್ಯ ಬಂದ ಮೇಲೆ ಅವನಿಗಿದ್ದ ಬಂಗಲೆ ತೀನ್ ಮೂರ್ತಿ ಭವನಕ್ಕೆ ನೆಹರು ಬಂದು ಕೂತರು. ಮನೆ ಬದಲಾದದ್ದೇ ಒಂದು ಸೂಚನೆ. 1955ರಲ್ಲಿ ಆ ಹುದ್ದೆಯ ಹೆಸರನ್ನೂ ತೆಗೆದು, ಮೂರು ಪಡೆಗಳಿಗೆ ಮೂವರು ಸಮಾನ ಮುಖ್ಯಸ್ಥರನ್ನು ಇಟ್ಟರು. ಮತ್ತೊಂದು ಕಡೆ, ಕಾಂಗ್ರೆಸ್ ಆಗ ಹಳ್ಳಿ ಹಳ್ಳಿಯಲ್ಲಿ ಇತ್ತು. ದೆಹಲಿಯ ರೇಡಿಯೋ ಹಿಡಿದು ಸರ್ಕಾರ ಬಿದ್ದಿದೆ ಎಂದರೆ ಯಾರೂ ನಂಬುತ್ತಿರಲಿಲ್ಲ. ಪಾಕಿಸ್ತಾನದಲ್ಲಿ 1958ರ ಹೊತ್ತಿಗೆ ಒಂದೂ ಸಾರ್ವತ್ರಿಕ ಚುನಾವಣೆ ನಡೆದಿರಲಿಲ್ಲ. ಇಲ್ಲಿ ಎರಡು ಮುಗಿದಿದ್ದವು.

ಹಾಗೆಂದು ಬೀಗಬೇಕಿಲ್ಲ. ಮೈಕು ಮತ್ತು ಸ್ವಿಚ್ಚಿನ ಮಹಿಮೆ ನಮ್ಮವರಿಗೂ ಗೊತ್ತಿತ್ತು. 1975ರ ಜೂನ್ 25ರ ರಾತ್ರಿ ದೆಹಲಿಯ ಪತ್ರಿಕಾ ಕಚೇರಿಗಳಿಗೆ ಕರೆಂಟ್ ಹೋಯಿತು. ಬೆಳಿಗ್ಗೆ ಆಕಾಶವಾಣಿಯಲ್ಲಿ ಇಂದಿರಾ ಗಾಂಧಿ ತುರ್ತು ಪರಿಸ್ಥಿತಿ ಸುದ್ದಿ ಹೇಳಿದರು. ಸಂಸದೀಯ ಸಮಿತಿ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಇಲ್ಲೇ ಬಂಧನಕ್ಕೊಳಗಾಗಿ ಸೆಂಟ್ರಲ್ ಜೈಲು ಸೇರಿದರು. ಈಗಿನ ಫ್ರೀಡಂ ಪಾರ್ಕ್ ಅದೇ. ಇದು ಕ್ಷಿಪ್ರಕ್ರಾಂತಿ ಅಲ್ಲ, ಸೈನ್ಯ ಹೊರಗೆ ಬರಲಿಲ್ಲ, ಸಂವಿಧಾನದ ಬಾಗಿಲಿನಿಂದಲೇ ಬಂದದ್ದು. ಆದರೆ ಆ ರಾತ್ರಿಯ ಕೆಲಸದ ಕ್ರಮ ನೋಡಿದರೆ, ಕೈರೋ ಬಾಗ್ದಾದ್‌ನವರು ತಲೆದೂಗುತ್ತಿದ್ದರು.

ಈಗ ಎಲ್ಲರ ಜೇಬಿನಲ್ಲೂ ಒಂದೊಂದು ರೇಡಿಯೋ ಸ್ಟೇಷನ್ ಇದೆ. ಹಾಗಿದ್ದರೆ ಈ ಆಟ ನಿಲ್ಲಬೇಕಿತ್ತು. ಕೆಲವು ಕಡೆ ನಿಂತಿತು. 2016ರ ಜುಲೈ 15ರ ರಾತ್ರಿ ಟರ್ಕಿಯ ಸಂಚುಕೋರರು ಸರ್ಕಾರಿ ಟಿವಿಗೆ ನುಗ್ಗಿ ನಿರೂಪಕಿಯಿಂದ ಪ್ರಕಟಣೆ ಓದಿಸಿದರು, ಶುದ್ಧ 1950ರ ದಶಕದ ಶೈಲಿ. ಅಧ್ಯಕ್ಷ ಎರ್ಡೊಗಾನ್ ಇನ್ನೊಂದು ಖಾಸಗಿ ಚಾನೆಲ್ಲಿಗೆ ವಿಡಿಯೋ ಕಾಲ್ ಮಾಡಿದ. ನಿರೂಪಕಿ ತನ್ನ ಮೊಬೈಲನ್ನು ಕ್ಯಾಮೆರಾಗೆ ಹಿಡಿದಳು. ಬೀದಿಗೆ ಬನ್ನಿ ಎಂದ, ಜನ ಬಂದರು. ಬೆಳಗಾಗುವಷ್ಟರಲ್ಲಿ ಸಂಚು ಮುರಿದಿತ್ತು.

ಆದರೆ ಗಬಾನ್‌ನ ಅಲಿ ಬೊಂಗೊ ಕೂಡ ವಿಡಿಯೋ ಮಾಡಿದ. ಮನೆಯಲ್ಲಿ ಬಂಧಿಯಾಗಿ, ಕುರ್ಚಿಯಲ್ಲಿ ಕೂತು, ಜಗತ್ತಿನ ಸ್ನೇಹಿತರೇ ಸದ್ದು ಮಾಡಿ, ಸದ್ದು ಮಾಡಿ ಎಂದು ಬೇಡಿಕೊಂಡ. ಜನ ಬೀದಿಗೆ ಬಂದದ್ದೇನೋ ನಿಜ. ಬಂದು ಸೈನಿಕರನ್ನು ಅಪ್ಪಿಕೊಂಡು ಕುಣಿದರು. ಅಪ್ಪ ಮಗ ಸೇರಿ ಐವತ್ತು ವರ್ಷಕ್ಕೂ ಜಾಸ್ತಿ ಆಳಿದ ಮನೆತನ ಅದು. ಮ್ಯಾನ್ಮಾರ್‌ನಲ್ಲಿ 2021ರ ಫೆಬ್ರವರಿ 1ರ ಬೆಳಿಗ್ಗೆ ವ್ಯಾಯಾಮದ ಟೀಚರ್ ಒಬ್ಬರು ರಸ್ತೆಯಲ್ಲಿ ಎಂದಿನಂತೆ ಡ್ಯಾನ್ಸ್ ವಿಡಿಯೋ ಮಾಡುತ್ತಿದ್ದರು. ಅವರ ಬೆನ್ನ ಹಿಂದೆ ಕಪ್ಪು ಕಾರುಗಳ ಸಾಲು ಪಾರ್ಲಿಮೆಂಟ್ ಕಡೆ ಹೋಗುತ್ತಿತ್ತು. ಜಗತ್ತೆಲ್ಲ ಆ ವಿಡಿಯೋ ನೋಡಿತು. ಕಾರುಗಳು ನಿಲ್ಲಲಿಲ್ಲ. ಆ ಸೇನೆ ಫೋನ್ ಮತ್ತು ಇಂಟರ್ನೆಟ್ಟಿಗೂ ಕೈಹಾಕಿತ್ತು. ಬರ್ಲಿನ್‌ನವರು ಮರೆತದ್ದನ್ನು ಇವರು ಮರೆಯಲಿಲ್ಲ.

ಇನ್ನೊಂದು ಕಥೆ ದಕ್ಷಿಣ ಕೊರಿಯಾದ್ದು. 2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಸುಕ್ ಯೋಲ್ ಟಿವಿಯಲ್ಲಿ ಬಂದು ಮಾರ್ಷಲ್ ಲಾ ಎಂದ. ಹೆಲಿಕಾಪ್ಟರ್‌ನಲ್ಲಿ ಸೈನಿಕರು ಸಂಸತ್ತಿಗೆ ಇಳಿದರು. ಪೊಲೀಸರು ಗೇಟ್ ಮುಚ್ಚಿದರು. ವಿರೋಧ ಪಕ್ಷದ ನಾಯಕ ಲೀ ಜೇ ಮ್ಯುಂಗ್ ಕಾರಿನಿಂದಲೇ ಮೊಬೈಲಿನಲ್ಲಿ ಲೈವ್ ಬಂದು, ಸಂಸತ್ತಿನ ಹತ್ತಿರ ಬನ್ನಿ ಎಂದು ಜನರನ್ನು ಕರೆದ. ಜನ ಚಳಿಯಲ್ಲಿ ಎದ್ದು ಬಂದರು. ಸಂಸತ್ತಿನ ಸ್ಪೀಕರ್ ವೂ ವೊನ್ ಶಿಕ್‌ಗೆ ಆಗ 67 ವರ್ಷ. ಕಾಂಪೌಂಡ್ ಹತ್ತಿ ಒಳಗೆ ಹಾರಿದರು. ಸೈನಿಕರು ಕಿಟಕಿ ಒಡೆಯುತ್ತಿದ್ದಾಗಲೂ, ಬೇಗ ಮತ ಹಾಕೋಣ ಎಂದು ಸದಸ್ಯರು ಕೂಗುತ್ತಿದ್ದಾಗಲೂ, ನಿಯಮದ ಪ್ರಕಾರವೇ ಆಗಬೇಕೆಂದು ಕಾದರು. ರಾತ್ರಿ ಒಂದು ಗಂಟೆಗೆ ಮತ ನಡೆಯಿತು. 190 ಜನ ಇದ್ದರು, 190 ಮತವೂ ಮಾರ್ಷಲ್ ಲಾ ವಿರುದ್ಧ.

1953ರ ಆಗಸ್ಟ್ 19ರ ಸಂಜೆ ಟೆಹರಾನ್‌ನಲ್ಲೂ ಒಬ್ಬರು ಗೋಡೆ ಹತ್ತಿದ್ದರು. 71 ವರ್ಷದ ಮೊಸಾದೆಗ್. ಮುಂದಿನ ಗೇಟಿನಲ್ಲಿ ಟ್ಯಾಂಕ್, ಜೇಬಿನಲ್ಲಿ ಫೋನ್ ಇರುವ ಕಾಲವಲ್ಲ, ರೇಡಿಯೋದಲ್ಲಿ ಜಾಹೆದಿ. ಅವರು ಹತ್ತಿದ್ದು ಹಿತ್ತಲ ಗೋಡೆ, ಇಳಿದದ್ದು ಪಕ್ಕದ ಮನೆಯ ಕಡೆಗೆ.